ಮಾತು ಹೋಗಲಿ, ದನಿ ಬೇಡ

ಕೂಡ್ಲಿಗಿ
2-7-2001

ಚಿ. ಸುಮಲತಾಳಿಗೆ ಬಸಲಿಂಗಮ್ಮ ಟೀಚರ್ ಮಾಡುವ ಆಶೀರ್ವಾದಗಳು.

ಧಾರವಾಡ ಮುಟ್ಟಿದೆಯೋ ಇಲ್ಲವೋ ಒಂದು ಕಾರ್ಡು ಹಾಕಬಾರದೇ? ಹದಿನೆಂಟು ದಿನ ನಮ್ಮ ಮನೆಯಲ್ಲಿ ರೊಟ್ಟಿ ತಿಂದು, ಬಸ್ ಹತ್ತಿದ್ದೇ ತಡ ಮರೆತುಬಿಟ್ಟೆ. ನಮ್ಮ ಅತ್ತೆ ಗಿಡ್ಡಮ್ಮನವರು ದಿನಾ ಕೇಳುತ್ತಾರೆ, "ಆ ಟೇಪಿನ ಹುಡುಗಿ ಮನಿ ಮುಟ್ಯಾಳೋ ಇಲ್ಲೋ" ಎಂದು. ಎಂಬತ್ತೆರಡರ ಮುದುಕಿಗೆ ಇರುವ ಕಾಳಜಿ ನಿನಗಿಲ್ಲ ನೋಡು.

ನಿನ್ನ ಸಂಶೋಧನೆಗೆ ಬೇಕೆಂದ ಹನ್ನೊಂದು ಮನೆಗಳ ಒಪ್ಪಿಗೆ ಪತ್ರಗಳು ಇದರ ಜೊತೆ ಇವೆ. ನೀನು ಮನೆಮಂದಿಯನ್ನೆಲ್ಲ ಒಂದೇ ಜಮಖಾನದ ಮೇಲೆ ಕೂರಿಸಿ ಜಗಳದ ಗಂಟು ಬಿಡಿಸಿದ್ದು ನನಗೆ ಬಹಳ ಹಿಡಿಸಿತು. ನಾನು ಮೂವತ್ತು ವರ್ಷ ಬಾಲವಾಡಿಯಲ್ಲಿ ಮಕ್ಕಳ ಜಗಳ ಬಿಡಿಸಿದವಳು, ದೊಡ್ಡವರ ಜಗಳಕ್ಕೂ ಒಂದು ಓದು ಇದೆ ಎಂದು ಈಗಲೇ ತಿಳಿದದ್ದು. ಅವರೆಲ್ಲರ ಮಾತನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿದ್ದೀಯ, ಚೆನ್ನಾಗಿ ಬರೆದು ಪಿಎಚ್.ಡಿ. ಡಾಕ್ಟರಾಗು.

ಕಾನಹೊಸಹಳ್ಳಿಯ ಹಿಟ್ಟಿನ ಗಿರಣಿ ಕೊಟ್ರಸ್ವಾಮಿಯವರ ಮನೆಯ ಪತ್ರವೂ ಇದೆ. ಕಡೆಯ ದಿನ ಅವರ ಸೊಸೆ ಭಾಗ್ಯ ನಿನ್ನೊಬ್ಬಳ ಹತ್ತಿರವೇ ಮಾತಾಡಬೇಕು ಎಂದಳಲ್ಲ, ಆಗ ಅವಳ ಅತ್ತೆ ಅನ್ನದಾನಮ್ಮನನ್ನು ಮುಕ್ಕಾಲು ಗಂಟೆ ಹೊರಗೆ ಹಿಡಿದಿಟ್ಟವಳು ನಾನು. ಉಪ್ಪಿನಕಾಯಿಯಿಂದ ಹಿಡಿದು ಮಂಡಿನೋವಿನ ತನಕ ಮಾತಾಡಿ ನನಗೆ ದವಡೆ ನೋವು ಬಂತು. ಅದಕ್ಕಾದರೂ ಹೇಳು, ಭಾಗ್ಯ ಏನೆಂದಳು? ಅತ್ತೆಯ ಮೇಲಿನ ದೂರೇ ಇರಬೇಕು.

ಇನ್ನೊಂದು ಸುದ್ದಿ. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿಲ್ಲವೆಂದು ಅನ್ನದಾನಮ್ಮ ಮಗ ಪ್ರವೀಣಕುಮಾರನಿಗೆ ತಂಬ್ರಹಳ್ಳಿಯಲ್ಲಿ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ. ಒಬ್ಬನೇ ಮಗ, ಪಾಪ, ಅವರಿಗೂ ಮೊಮ್ಮಕ್ಕಳ ಆಸೆ. ನನಗೂ ಮಕ್ಕಳಾಗಲಿಲ್ಲ. ನನ್ನ ಪುಣ್ಯ, ನಮ್ಮವರು ಇರುವ ತನಕ ಇನ್ನೊಬ್ಬಳನ್ನು ತರಲಿಲ್ಲ.

ಇತಿ,
ಬಸಲಿಂಗಮ್ಮ


ಧಾರವಾಡ
10-7-2001

ಟೀಚರ್‌ಗೆ ನಮಸ್ಕಾರಗಳು.

ಸುಖವಾಗಿ ಮುಟ್ಟಿದೆ. ಕಾರ್ಡು ಹಾಕದ್ದು ತಪ್ಪು, ಒಪ್ಪಿದೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಭಾಗ್ಯ ಏನೆಂದಳು ಎಂದು ಮಾತ್ರ ಕೇಳಬೇಡಿ ಟೀಚರ್. ಅದು ಅವಳ ಮಾತು. ಅವಳು ಹೇಳಿದರೆ ಕೇಳಿಸಿಕೊಳ್ಳಿ, ನಾನು ಹೇಳುವಂತಿಲ್ಲ. ತಂಬ್ರಹಳ್ಳಿಯ ಸುದ್ದಿ ಓದಿ ಆ ದಿನ ನನಗೆ ಊಟ ಸೇರಲಿಲ್ಲ.

ಒಪ್ಪಿಗೆ ಪತ್ರ ನೋಡಿದೆ. ಹನ್ನೊಂದು ಮನೆಗೆ ಹನ್ನೊಂದೇ ಸಹಿ ಇವೆ. ಮನೆಯಲ್ಲಿ ಮಾತಾಡಿದ ಪ್ರತಿಯೊಬ್ಬರದೂ ಬೇಕಿತ್ತಲ್ಲ? ಭಾಗ್ಯಳ ಸಹಿ ಎಲ್ಲಿ? ಬೇರೆ ಹಾಳೆ ಏನಾದರೂ ನಿಮ್ಮಲ್ಲೇ ಉಳಿದಿದೆಯೇ?

ಪ್ರಬಂಧದಲ್ಲಿ ಯಾರ ಹೆಸರೂ ಬರುವುದಿಲ್ಲ. ಭಾಗ್ಯ ಅಲ್ಲಿ ಬರೀ 'ಶ್ರೀಮತಿ ಗ'. ಆ ವಿಷಯದಲ್ಲಿ ನಿಶ್ಚಿಂತೆಯಿಂದಿರಿ.

ನಿಮ್ಮ,
ಸುಮಲತಾ


ಕೂಡ್ಲಿಗಿ
3-8-2001

ಚಿ. ಸುಮಲತಾಳಿಗೆ,

ಮೂರು ವಾರ ಬರೆಯಲಿಲ್ಲ, ಸಿಟ್ಟು ಬಂದಿತ್ತು. ನನ್ನ ಕೆಲಸದಲ್ಲಿ ಕೊರತೆ ಎತ್ತಿದೆಯಲ್ಲ! ಈ ಕಡೆ ಒಂದು ಮನೆಗೆ ಒಂದೇ ಸಹಿ. ರೇಷನ್ ಕಾರ್ಡಿಗೆ ಒಂದೇ, ಪಂಚಾಯಿತಿ ಅರ್ಜಿಗೆ ಒಂದೇ, ಲಗ್ನಪತ್ರಿಕೆ ಬರೆಸುವಾಗಲೂ ಹಿರಿಯರದು ಒಂದೇ. ಕೊಟ್ರಸ್ವಾಮಿಯವರು ನಗುತ್ತಲೇ ಅಂದರು: "ನಾ ಹಾಕಿದ್ರ ಮನಿಮಂದಿ ಎಲ್ಲಾ ಹಾಕಿದಂಗ ಆತ್ರಿ ಟೀಚರಮ್ಮ. ಸೊಸಿ ಸಹಿ ಯಾತಕ್ಕ, ಆಕಿ ಏನು ಬ್ಯಾರಿ ಮನ್ಯಾಗ ಅದಾಳೇನು?" ಅವರ ಮುಂದೆ ನಾನು ವಾದ ಮಾಡುತ್ತ ಕೂರಲೇ?

ಇರಲಿ. ಈಗ ಬರೆದದ್ದು ಬೇರೆ ಕಾರಣಕ್ಕೆ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದಲ್ಲಿ ನಿಮ್ಮ ಪ್ರೊಫೆಸರು ತರಬೇತಿ ಶಿಬಿರ ಮಾಡುತ್ತಾರಂತೆ. ನನಗೂ ಆಮಂತ್ರಣ ಬಂದಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ನೂರು ಜನ ಅಂಗನವಾಡಿಯವರು, ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು ಬರುತ್ತಾರೆ. ಮಧ್ಯಾಹ್ನ ಮೂರಕ್ಕೆ ಹೀಗೆ ಬರೆದಿದೆ: 'ಧ್ವನಿಮುದ್ರಿತ ಸಂದರ್ಶನ, ಶ್ರೀಮತಿ ಗ.'

ಏನಿದು ಸುಮಾ? ಟೇಪು ಹಾಕಿ ಕೇಳಿಸುತ್ತಾರೆಯೇ? ಭಾಗ್ಯ ಯಾರೆಂದು ತಿಳಿದಿದ್ದೀಯ? ಕೊಟ್ಟೂರಿನಿಂದ ಹಡಗಲಿ ತನಕ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನ ಹಾಡಲು ಅವಳೇ ಬೇಕು. ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ಹೆಂಗಸರು ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಾರೆ. ಆ ನೂರು ಜನರಲ್ಲಿ ಎಂಬತ್ತು ಜನ ಅವಳ ದನಿಗೆ ಆರತಿ ಎತ್ತಿದವರೇ. ನಿಮ್ಮವರು ಹೆಸರು ಮುಚ್ಚಿಟ್ಟು ದನಿಯನ್ನು ಹೊರಗೆ ಬಿಟ್ಟಿದ್ದಾರೆ. ಬೇಗ ಬರೆ.

ಬಸಲಿಂಗಮ್ಮ


ಧಾರವಾಡ
11-8-2001

ಟೀಚರ್,

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಭಾಗ್ಯಳ ಕ್ಯಾಸೆಟ್ಟಿಗೆ ಎರಡು ಪ್ರತಿ ಮಾಡಿಸಿದ್ದೆವು. ಅಸಲು ಒಂದು, ಪ್ರತಿ ಎರಡು, ಒಟ್ಟು ಮೂರು. ಒಂದನ್ನು ನಮ್ಮ ಪ್ರೊಫೆಸರ್ ಸರ್ ಜೂನ್ ಕೊನೆಯಲ್ಲೇ ಕೇಳಿ ಪಡೆದುಕೊಂಡರು. ಅವರೊಬ್ಬರೇ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡೆ. ನಿಮಗೆ 'ನಿಶ್ಚಿಂತೆಯಿಂದಿರಿ' ಎಂದು ಬರೆದಾಗ ಆ ಕ್ಯಾಸೆಟ್ಟು ಅವರ ಮೇಜಿನ ಮೇಲಿತ್ತು.

ನಿಮ್ಮ ಪತ್ರ ಬಂದ ದಿನವೇ ಅವರ ಬಳಿಗೆ ಹೋದೆ. ಕೆಟ್ಟವರಲ್ಲ ಟೀಚರ್. "ಇಂಥ ನಿಜವಾದ ದನಿ ಕೇಳಿದರೆ ಆ ಕಾರ್ಯಕರ್ತೆಯರು ನಾಳೆ ಹತ್ತು ಮನೆ ಉಳಿಸುತ್ತಾರೆ. ಹೆಸರಿಲ್ಲ, ಕುಟುಂಬದ ಒಪ್ಪಿಗೆ ಇದೆ, ಇನ್ನೇನು ಬೇಕು?" ಎಂದರು. ಒಪ್ಪಿಗೆ ಮಾವನದು, ಮಾತು ಸೊಸೆಯದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ ನೋಡೋಣ ಎಂದರು.

ನನ್ನ ಪ್ರಬಂಧಕ್ಕೆ ಸಹಿ ಮಾಡಬೇಕಾದವರು ಅವರೇ. ಹೆದರಿಕೆಯಾಗುತ್ತಿದೆ. ಆದರೂ ಬಿಡುವುದಿಲ್ಲ.

ಸುಮಲತಾ


ಕೂಡ್ಲಿಗಿ
16-8-2001

ಕುಮಾರಿ ಸುಮಲತಾ ಅವರಿಗೆ,

ತಮ್ಮ ಪತ್ರ ತಲುಪಿತು. ತಾವು ಓದಿದವರು. ಮೂರು ಕ್ಯಾಸೆಟ್ಟು ಮಾಡಿಕೊಂಡು ಒಂದು ಎಂದು ನಮ್ಮನ್ನು ನಂಬಿಸಿದಿರಿ. ಹೆದರಿಕೆ ಎಂದು ಬರೆದಿದ್ದೀರಿ. ತಮಗೆ ಹೋಗುವುದಿದ್ದರೆ ಒಂದು ಡಿಗ್ರಿ ಹೋದೀತು. ಭಾಗ್ಯಳಿಗೆ ಹೋಗುವುದು ಅವಳ ಮನೆ.

ಅವಳನ್ನು ತಮ್ಮ ಮುಂದೆ ಕೂರಿಸಿದವಳು ನಾನು. ಬಾಗಿಲಲ್ಲಿ ನಿಂತು ಹಿಂಜರಿಯುತ್ತಿದ್ದಳು. "ಹೇಳವ್ವಾ, ಮನಸು ಹಗುರಾಗ್ತೈತಿ. ನಿನ್ನ ಮಾತು ಈ ಖೋಲಿ ದಾಟಂಗಿಲ್ಲ, ನನ್ನಾಣಿ" ಎಂದು ನಾನೇ ಒಳಗೆ ಕಳಿಸಿದೆ. ನನ್ನ ಆಣೆ ಈಗ ಕಲ್ಯಾಣಮಂಟಪದ ಮೈಕಿಗೆ ಹೋಗುತ್ತಿದೆ.

ನನ್ನ ತಪ್ಪನ್ನೂ ಬರೆದುಬಿಡುತ್ತೇನೆ. ಆ ಒಪ್ಪಿಗೆ ಪತ್ರವನ್ನು ನಾನು ಓದಿ ಹೇಳಿದ್ದು ಕೊಟ್ರಸ್ವಾಮಿಯವರೊಬ್ಬರಿಗೆ. ಅದೂ ಮೊದಲ ಪುಟ ಮಾತ್ರ. ಎರಡನೆಯ ಪುಟದಲ್ಲಿ 'ತರಬೇತಿಗೆ ಬಳಸಬಹುದು' ಎಂಬ ಸಾಲಿತ್ತು, ಎಲ್ಲರಿಗೂ ಬೇಸರವಾದೀತು ಎಂದು ಹಾರಿಸಿದೆ. ಹನ್ನೊಂದು ಮನೆಯಲ್ಲೂ ಹಾರಿಸಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಪುಟ ಹಾರಿಸಬೇಡಿ ಎಂದು ಪಾಠ ಹೇಳಿದವಳು ನಾನು. ನಾಚಿಕೆಯಾಗುತ್ತಿದೆ.

ಮೂರೂ ಕ್ಯಾಸೆಟ್ಟು ಅಳಿಸಿಬಿಡಿ. ಆಗದಿದ್ದರೆ ನಾನೇ ಧಾರವಾಡದ ಬಸ್ಸು ಹತ್ತುತ್ತೇನೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದೆ, ಆದರೆ ಬೂತಿನ ಬೊಮ್ಮಪ್ಪ ನಾವು ಮಾತಾಡುವಾಗ ರೇಡಿಯೋ ಸಣ್ಣದು ಮಾಡುತ್ತಾನೆ.

ಬಸಲಿಂಗಮ್ಮ, ನಿವೃತ್ತ ಬಾಲವಾಡಿ ಶಿಕ್ಷಕಿ


ಧಾರವಾಡ
25-8-2001

ಟೀಚರ್,

ಬೈದಿದ್ದು ಸರಿಯಾಗಿಯೇ ಇದೆ. 'ತಾವು' ಎಂದು ಕರೆದದ್ದು ಮಾತ್ರ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಎರಡು ಕ್ಯಾಸೆಟ್ಟು ನನ್ನ ಪೆಟ್ಟಿಗೆಯಲ್ಲಿವೆ, ಬೀಗ ಹಾಕಿದ್ದೇನೆ. ಮೂರನೆಯದನ್ನು ವಾಪಸ್ ಕೊಡಬೇಕೆಂದು ಸರ್‌ಗೂ ವಿಭಾಗದ ಮುಖ್ಯಸ್ಥರಿಗೂ ಬರಹದಲ್ಲಿ ಕೊಟ್ಟಿದ್ದೇನೆ. ಹನ್ನೊಂದು ಮನೆಗಳಿಗೂ ಹೊಸದಾಗಿ ಕೇಳುವ ತನಕ ಒಂದು ಸಾಲನ್ನೂ ಬಳಸುವುದಿಲ್ಲ ಎಂದೂ ಬರೆದಿದ್ದೇನೆ. ಸರ್ ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಳಿಸಿಬಿಡಿ ಎಂದು ಬರೆದಿದ್ದೀರಿ. ಹಾಗೆಂದು ಭಾಗ್ಯ ಹೇಳಿದಳೇ? ಮಾವ ಅವಳನ್ನು ಕೇಳದೆ ಸಹಿ ಹಾಕಿದರು. ಸರ್ ಅವಳನ್ನು ಕೇಳದೆ ಶಿಬಿರ ಇಟ್ಟರು. ಈಗ ನಾವಿಬ್ಬರೂ ಅವಳನ್ನು ಕೇಳದೆ ಅಳಿಸಲು ಹೊರಟಿದ್ದೇವೆ.

ಹೊಸ ಪತ್ರ ಕಳಿಸಿದ್ದೇನೆ. ತಲೆಗೊಂದು ಹಾಳೆ, ದಪ್ಪ ಅಕ್ಷರ, ಒಂದೇ ಪುಟ, ಹಾರಿಸಲು ಜಾಗವಿಲ್ಲ. ಕೊನೆಯ ಸಾಲು ಹೀಗಿದೆ: 'ನೀವು ಬೇಡ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.' ಅವಳೊಬ್ಬಳೇ ಇರುವಾಗ ಓದಿ ಹೇಳಿ.

ಸುಮಲತಾ


ಕೂಡ್ಲಿಗಿ
5-9-2001

ಸುಮಾ,

ನಿನ್ನ ಪತ್ರ ಓದಿ ಒಂದು ದಿನ ಉರಿದುಕೊಂಡೆ. ಎರಡನೆಯ ದಿನ ಜೋಳದ ಚೀಲ ತೆಗೆದುಕೊಂಡು ಕಾನಹೊಸಹಳ್ಳಿ ಬಸ್ಸು ಹತ್ತಿದೆ.

ಅವಳು ಒಬ್ಬಳೇ ಇರುವುದು ಎಲ್ಲಿ? ಮನೆಯಲ್ಲಿ ಅತ್ತೆ, ಗಿರಣಿಯಲ್ಲಿ ಮಾವ. ಆದರೆ ಗಿರಣಿ ತಿರುಗುವಾಗ ಪಕ್ಕದವರ ಮಾತು ಪಕ್ಕದವರಿಗೆ ಕೇಳುವುದಿಲ್ಲ. ಕೊಟ್ರಸ್ವಾಮಿಯವರು ತಕ್ಕಡಿಯ ಹತ್ತಿರ, ಭಾಗ್ಯ ಕಲ್ಲಿಗೆ ಕಾಳು ಸುರಿಯುವ ಕಡೆ. ನಾನು ಅವಳ ಕಿವಿಗೆ ಬಾಯಿಟ್ಟು ಹಾಳೆಯನ್ನು ಕೂಗಿ ಕೂಗಿ ಓದಿದೆ. ಮುದುಕ ಅಲ್ಲಿಂದಲೇ ಕೈ ಆಡಿಸಿ ಏನೆಂದು ಕೇಳಿದರು. "ಸೋಬಾನ ಪದ ಬರ್ಕೊಳ್ಳಾಕ ಬಂದೀನ್ರಿ" ಎಂದು ಅರಚಿದೆ. ಇಬ್ಬರ ತಲೆಯ ಮೇಲೂ ಹಿಟ್ಟು ಕೂತಿತ್ತು.

ಟೇಪು ಶಿಬಿರಕ್ಕೆ ಹೋಗಲಿದೆ ಎಂದಾಗ ಅವಳ ಮುಖ ಸುಣ್ಣದಂತಾಯಿತು. ಆಮೇಲೆ ಕೇಳಿದಳು: "ಈ ಕಾಗದಾನ ನನಗ ಈಗ ತೋರ್ಸಾಕತ್ತೀರಾ ಟೀಚರ್? ನನ್ನ ಮಾತು ಟೇಪಿನ್ಯಾಗ ಹೋಗಿ ಎಲ್ಡು ತಿಂಗ್ಳು ಆದ ಮ್ಯಾಲ?" ತಪ್ಪಾಯಿತು ಎಂದೆ. ಗಿರಣಿಯಲ್ಲಿ ತಪ್ಪಾಯಿತು ಎನ್ನಬೇಕಾದರೂ ಕೂಗಿಯೇ ಹೇಳಬೇಕು.

ಅಳಿಸಿಬಿಡಲೇ ಎಂದು ಕೇಳಿದೆ. ಅವಳು ಕಾಳು ಸುರಿಯುತ್ತಲೇ ಹೇಳಿದಳು, "ಅದು ನನ್ನೊಬ್ಬಾಕಿ ಮಾತಲ್ರಿ. ಅರ್ಧ ನಮ್ಮನಿಯವರ್ದು. ಅವರ್ನೂ ಕೇಳ್ಬೇಕು. ಮೂರು ದಿನ ಬಿಟ್ಟು ಬರ್ರಿ."

ಮೂರು ದಿನ ಬಿಟ್ಟು ಇನ್ನೊಂದು ಚೀಲ ಜೋಳ ಹೊತ್ತುಕೊಂಡು ಹೋದೆ. ಮನೆಯಲ್ಲಿ ಈಗ ಮೂರು ತಿಂಗಳಿಗಾಗುವಷ್ಟು ಹಿಟ್ಟಿದೆ. ಆಗ ಅವಳು ನನ್ನ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದಳು. ನಿನಗೆ ಗೊತ್ತಿರುವುದೇ. ಪೇಟೆಯ ಆಸ್ಪತ್ರೆಯಲ್ಲಿ ಇಬ್ಬರದೂ ಪರೀಕ್ಷೆಯಾದದ್ದು, ಕೊರತೆ ಗಂಡನದು ಎಂದು ಡಾಕ್ಟರು ಬರೆದುಕೊಟ್ಟದ್ದು, ಬಸ್ ಸ್ಟ್ಯಾಂಡಿನಲ್ಲಿ ಅವನು ಅತ್ತದ್ದು, ಇವಳು ಆ ಚೀಟಿ ಹರಿದು ಕೊರತೆ ತನ್ನದೇ ಎಂದು ಅತ್ತೆಗೆ ಹೇಳಿದ್ದು. ಐದು ವರ್ಷದಿಂದ ಬಂಜೆ ಎನ್ನಿಸಿಕೊಂಡಿದ್ದಾಳೆ. ನಾನು ನಿನಗೆ ಅನ್ನದಾನಮ್ಮನ ಪರ ಬರೆದೆನಲ್ಲ, 'ಪಾಪ, ಮೊಮ್ಮಕ್ಕಳ ಆಸೆ' ಎಂದು, ಆ ಪತ್ರ ಹರಿದುಹಾಕು.

ಸೋಮವಾರ ಗಂಡಹೆಂಡತಿ ಗುಡಿಗೆಂದು ಕೊಟ್ಟೂರಿಗೆ ಹೋದಾಗ ಬಸ್ಸಿನಲ್ಲಿ ಕೇಳಿದಳಂತೆ. ಇಳಿದ ಮೇಲೆ ಅವನು, "ಇಷ್ಟೊರ್ಷ ನೀನ ಹೊತ್ಕಂಡಿ. ನಾನೂ ಸಹಿ ಹಾಕ್ತೀನಿ, ತಗೊಂಬಾ" ಎಂದನಂತೆ. ಮರುದಿನ ತಾಯಿಗೆ ಹೇಳಿದ್ದಾನೆ, "ತಂಬ್ರಹಳ್ಳಿ ಮಾತು ಇನ್ನೊಮ್ಮೆ ಎತ್ತಿದ್ರ ನಾ ಮನಿ ಬಿಡ್ತೀನಿ." ಕಾರಣ ಹೇಳಿಲ್ಲ. ಅನ್ನದಾನಮ್ಮ ಸೊಸೆ ಮದ್ದು ಹಾಕಿದ್ದಾಳೆ ಎಂದು ಊರೆಲ್ಲ ಹೇಳುತ್ತಿದ್ದಾರೆ.

ಇಬ್ಬರ ಸಹಿಯೂ ಇದರಲ್ಲಿದೆ. ಅವಳ ಷರತ್ತನ್ನು ಅವಳ ಬಾಯಲ್ಲೇ ಬರೆಯುತ್ತೇನೆ: "ಮಾತು ಹೋಗ್ಲಿ, ದನಿ ಬ್ಯಾಡ. ಅಲ್ಲಿ ನನ್ನಂಥಾಕಿ ಒಬ್ಬಾಕಿ ಕುಂತಿದ್ರ ಆಕಿ ಕೇಳ್ಬೇಕು. ಗಿರಣಿ ಅನ್ನೋದು ತಗೀರಿ, ಊರು ತಗೀರಿ, ಆಸ್ಪತ್ರಿ ತಗೀರಿ. ಮೂರೂ ಕ್ಯಾಸೆಟ್ಟು ನನ್ನ ಕೈಗೆ ಬರ್ಬೇಕು."

ಶಿಬಿರಕ್ಕೆ ಹದಿನಾಲ್ಕೇ ದಿನ.

ನಿನ್ನ,
ಬಸಲಿಂಗಮ್ಮ


ಧಾರವಾಡ
12-9-2001

ಟೀಚರ್,

ಮೂರೂ ಕ್ಯಾಸೆಟ್ಟು ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಬರುತ್ತಿವೆ.

ಸರ್ ಕೊಡಲು ಒಪ್ಪಿರಲಿಲ್ಲ. ಅವರ ಮೇಜಿನ ಮೇಲೆ ಭಾಗ್ಯಳ ಸಹಿಯ ಹಾಳೆ ಇಟ್ಟೆ. ಟೇಪು ಹಾಕಿದರೆ ಶಿಬಿರದಲ್ಲಿ ಎದ್ದು ನಿಂತು, ಇದಕ್ಕೆ ಒಪ್ಪಿಗೆ ಇಲ್ಲ ಎಂದು ಹೇಳುತ್ತೇನೆ ಎಂದೆ. ಅವರು ಹಾಳೆಯನ್ನು ಎರಡು ಸಲ ಓದಿದರು. 'ನೀವು ಬೇಡ ಎಂದರೆ' ಎಂಬ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು, ಆಮೇಲೆ ಕ್ಯಾಸೆಟ್ಟು ತೆಗೆದು ಕೊಟ್ಟರು. ನನಗೆ ಬೇರೆ ಮಾರ್ಗದರ್ಶಕರನ್ನು ನೋಡಿಕೊ ಎಂದೂ ಹೇಳಿದರು. ಒಂದು ವರ್ಷ ತಡವಾಗುತ್ತದೆ, ಆಗಲಿ.

ಭಾಗ್ಯಳ ಮಾತನ್ನು ಅವಳು ಹೇಳಿದಂತೆ ತಿದ್ದಿ ನಾಲ್ಕು ಹಾಳೆಯಲ್ಲಿ ಬರೆದು ಕಳಿಸಿದ್ದೇನೆ. ಮೊದಲು ಅವಳಿಗೆ ತೋರಿಸಿ. ಶಿಬಿರದಲ್ಲಿ ಓದುವವರು ಯಾರು? ನಾನು ಓದಿದರೆ ಧಾರವಾಡದವಳ ಬಾಯಿಪಾಠವಾಗುತ್ತದೆ. ನೀವೇ ಓದಿ ಟೀಚರ್, ಅದಕ್ಕೆ ಸರ್ ಒಪ್ಪಿದ್ದಾರೆ, ನಾನು ಶಿಬಿರಕ್ಕೆ ಬರುತ್ತಿಲ್ಲ.

ಸುಮಲತಾ


ಕೂಡ್ಲಿಗಿ
23-9-2001

ನನ್ನ ಮುದ್ದಿನ ಸುಮಾ,

ಓದಿದೆ. ಕನ್ನಡಕ ಹಾಕಿಕೊಂಡು, ನನ್ನ ಈ ಒಡಕು ದನಿಯಲ್ಲಿ, ನೂರು ಜನರೆದುರು. 'ಒಬ್ಬ ಹೆಣ್ಣುಮಗಳ ಮಾತು' ಎಂದು ಮೊದಲೇ ಹೇಳಿದ್ದೆ. ಆದರೆ "ಚೀಟಿ ಹರಿದು ಕಾಲುವಿಗೆ ಒಗದೆ. ಬಂಜಿ ಅನ್ನಿಸ್ಕೊಳ್ಳಾಕ ಅವತ್ತ ಮನಸು ಗಟ್ಟಿ ಮಾಡ್ಕಂಡೆ" ಎನ್ನುವಲ್ಲಿಗೆ ಬಂದಾಗ ನನಗೆ ಕಣ್ಣೀರು ಬಂತು. ನಟನೆಯಲ್ಲ ಸುಮಾ. ಆ ಮಾತನ್ನು ನಾನೂ ಇಪ್ಪತ್ತು ವರ್ಷ ತಿಂದಿದ್ದೇನೆ. ಅತ್ತುಕೊಂಡೇ ಮುಗಿಸಿದೆ. ಹಡಗಲಿ ಕಡೆಯ ಒಬ್ಬಳು ಹಿಂದಿನ ಸಾಲಿನಿಂದ ಎದ್ದು ಬಂದು ನನ್ನ ಕೈ ಹಿಡಿದು ನಿಂತಳು. ಭಾಗ್ಯ ಹೇಳಿದ ಆ 'ನನ್ನಂಥಾಕಿ' ಅಲ್ಲಿದ್ದಳು.

ನಿಮ್ಮ ಪ್ರೊಫೆಸರು ನೀರಿನ ಲೋಟ ತಾವೇ ತಂದುಕೊಟ್ಟರು.

ಆದರೆ ಮಂಟಪ ಖಾಲಿಯಾಗುವ ಹೊತ್ತಿಗೆ ಸುದ್ದಿ ಹಬ್ಬಿತ್ತು. ಅದು ಬಸಲಿಂಗಮ್ಮ ಟೀಚರದೇ ಕಥೆ ಅಂತೆ, ಕೊರತೆ ಅವರ ಗಂಡನದಂತೆ! ನನಗೆ ಮಕ್ಕಳಿಲ್ಲದ್ದು ನಾಲ್ಕು ತಾಲೂಕಿಗೆ ಗೊತ್ತು, ಸರಿಯಾಗಿ ಹೊಂದಿಕೊಂಡಿತು. ಅಲ್ಲ ಎಂದರೆ ಮತ್ತೆ ಯಾರದು ಎಂದು ಹುಡುಕುತ್ತಾರೆ. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ನಮ್ಮ ಕಾಲದಲ್ಲಿ ಪರೀಕ್ಷೆಯೇ ಇರಲಿಲ್ಲ, ಕೊರತೆ ಯಾರದೆಂದು ದೇವರಿಗೇ ಗೊತ್ತು. ಭಾಗ್ಯಳ ಗಂಡನನ್ನು ಉಳಿಸಲು ಹೋಗಿ ಸತ್ತ ನನ್ನ ಗಂಡನನ್ನು ಸಂತೆಯಲ್ಲಿ ನಿಲ್ಲಿಸಿದ್ದೆ. ಅವರನ್ನು ಹೇಗೆ ಕೇಳಲಿ?

ಅವರ ತಾಯಿ ಇದ್ದಾರಲ್ಲ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಗಿಡ್ಡಮ್ಮನವರು ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. "ಹೌದೇನ, ನನ್ನ ಮಗಂದಾ ಕೊರತಿ?" ಎಂದು ಕೇಳಿದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅತ್ತಿ, ಅದು ನನ್ನ ಮಾತಲ್ಲ, ಬ್ಯಾರೆ ಹುಡುಗಿದು. ಯಾರ್ದು ಅಂತ ಕೇಳಬ್ಯಾಡ್ರಿ. ನಾ ಅಲ್ಲ ಅಂದ್ರ ಆಕಿ ಮನಿ ಮುರೀತೈತಿ. ಸುಮ್ನಿದ್ರ ನಿಮ್ಮ ಮಗನ ಹೆಸರು ಹೋಕ್ಕೈತಿ. ನೀವು ಬ್ಯಾಡ ಅಂದ್ರ ನಾಳಿಗೆ ಅಲ್ಲ ಅಂತ ಹೇಳ್ತೀನಿ. ನಂಗೇನೂ ಬ್ಯಾಸರಿಲ್ಲ" ಎಂದೆ.

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಎದ್ದು ಒಳಗೆ ಹೋದರು.

ಬೆಳಿಗ್ಗೆ ಪಕ್ಕದ ಮನೆಯ ಹಂಪಮ್ಮ ಮಜ್ಜಿಗೆಯ ನೆಪ ಮಾಡಿಕೊಂಡು ಬಂದಳು. ಅವಳು ಬಾಯಿ ತೆಗೆಯುವ ಮೊದಲೇ ನಮ್ಮ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ, "ಏನ್ ಕೇಳಾಕ ಬಂದಿ ನಂಗೊತ್ತೈತಿ. ಹೌದು, ಕೊರತಿ ನನ್ನ ಮಗಂದ. ನಾನು ಹಡದಾಕಿ, ನಾನ ಹೇಳ್ತೀನಿ. ಈಕಿನ್ನ ಇಪ್ಪತ್ತೊರ್ಷ ಸುಮ್ ಸುಮ್ಕ ಬಂಜಿ ಅಂದೆ. ಹೋಗ್, ಎಲ್ಲಾರ್ಗೂ ಹೇಳು" ಎಂದರು. ಹಂಪಮ್ಮ ಮಜ್ಜಿಗೆ ಬಿಟ್ಟು ಓಡಿದಳು.

ನಾನು ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಗಂಡ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಕ್ಯಾಸೆಟ್ಟುಗಳು ಭಾಗ್ಯಳ ಕೈ ಸೇರಿವೆ. ಮೂರರ ಮೇಲೂ ಸೋಬಾನ ಹಾಡಿ ತುಂಬಿಸುತ್ತಿದ್ದಾಳೆ, ಹಳೆಯದು ತಾನೇ ಅಳಿಯುತ್ತದೆ. ಉಳಿದ ಹತ್ತು ಮನೆಗೆ ಸೋಮವಾರದಿಂದ ನಾನೇ ತಿರುಗುತ್ತೇನೆ, ತಲೆಗೊಂದು ಹಾಳೆಯಂತೆ, ಪೂರ್ತಿ ಓದಿ. ಐವತ್ತೆರಡು ಹಾಳೆ ಕಳಿಸು. ಬೇಡ ಎನ್ನುವವರ ಹಾಳೆಯನ್ನೂ ಜೋಪಾನವಾಗಿ ತರುತ್ತೇನೆ.

ಇದರ ಜೊತೆ ನಿನ್ನ ಲೆಕ್ಕಕ್ಕಿಲ್ಲದ ಒಂದು ಹಾಳೆ ಇದೆ. ನಿನ್ನೆ ಅತ್ತೆ ಮುಂದೆ ಕೂತು, "ಆ ಒಪ್ಪಿಗಿ ಕಾಗದ ನಂಗೂ ಓದು" ಎಂದರು. ಕೊನೆಯ ಸಾಲಿನ ತನಕ ಓದಿದೆ. ಮಗನ ಫೋಟೋದ ಕಡೆ ಒಮ್ಮೆ ನೋಡಿ, ಹೆಬ್ಬೆಟ್ಟು ಒತ್ತಿದರು. ಎಲ್ಲಿ ಸೇರಿಸುತ್ತೀಯೋ ಸೇರಿಸು. ಕೇಳಿಯೇ ಹಾಕಿಸಿದ್ದೇನೆ.

ನಿನ್ನ,
ಬಸಲಿಂಗಮ್ಮ